ಮಗುಚುವ ಕೈ

ಮರದ ಮಗುಚುವ ಕೈಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಅರೆಮುಚ್ಚಿ, ಉಸಿರನ್ನು ನಿಧಾನವಾಗಿ ಒಳಕ್ಕೆಳೆದುಕೊಂಡು, "ಮರ ಚೆನ್ನಾಗಿದೆ" ಎಂದಳು. ಪಾತ್ರೆ ಅಂಗಡಿಯವನು ಅವಳ ಮುಖ ನೋಡಿದ, ಕೈ ನೋಡಿದ, ಮತ್ತೆ ಮುಖ ನೋಡಿದ. "ಪ್ಲಾಸ್ಟಿಕ್ಕೇ ಬಿಚ್ಚಿಲ್ವಲ್ಲಮ್ಮ ಅದರದ್ದು" ಎಂದ. ಹೌದು. ತೆಳ್ಳನೆಯ ಹಾಳೆಯೊಂದು ಮರಕ್ಕೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಮೂಗು ಕೈಕೊಟ್ಟರೂ ಬೆರಳುಗಳಿವೆಯಲ್ಲ ಎಂದು ಇಷ್ಟು ವರ್ಷ ಬೆರಳುಗಳನ್ನೇ ನಂಬಿಕೊಂಡು ಬಂದವಳು ಇವತ್ತು ಮೂಸುವ ನಾಟಕದ ಅವಸರದಲ್ಲಿ ಬೆರಳಿನ ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಪಕ್ಕದಲ್ಲಿ ಮುಚ್ಚಳಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳುತ್ತಿದ್ದ ಹೆಂಗಸು ಬಡಿಯುವುದನ್ನು ನಿಲ್ಲಿಸಿದಳು. ನಕ್ಕಳೋ ಇಲ್ಲವೋ, ತಿರುಗಿ ನೋಡುವ ಧೈರ್ಯ ಇವಳಿಗಾಗಲಿಲ್ಲ. "ಹಾಳೆ ಮೇಲಿಂದಾನೂ ಗೊತ್ತಾಗತ್ತೆ, ಒಳ್ಳೇ ಮರ ಆದ್ರೆ" ಎಂದು ಅವಳು ಹೇಳಿದ್ದು ಅವಳಿಗೇ ಪೆದ್ದುಪೆದ್ದಾಗಿ ಕೇಳಿಸಿತು. ಅಂಗಡಿಯವನು ಸಜ್ಜನ. "ಹೌದೌದು" ಎಂದು ಹಲಗೆಯ ಮೇಲಿನ ಧೂಳು ಒರೆಸತೊಡಗಿದ.

ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವಾಗ ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, "ಅಮ್ಮ, ಆ ಮರದ್ದು ಸಾಕು ಇನ್ನ, ಒಂದು ಸ್ಟೀಲಿಂದು ತಗೋಬಾರ್ದಾ" ಎಂದಿದ್ದಳು. ಅಷ್ಟೇ. ಅದರಲ್ಲಿ ಏನೂ ಇರಲಿಲ್ಲ. ಆದರೆ ಹೇಳಿದವಳು ಅಮ್ಮನ ಮುಖ ನೋಡದೆ ಚಪ್ಪಲಿಯನ್ನೇ ನೋಡುತ್ತ ಹೇಳಿದ್ದಳು. ಹೇಳಿದ ಮೇಲೆ ಒಳಗೆ ಪತ್ರಿಕೆ ಓದುತ್ತಿದ್ದ ಅಪ್ಪನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದಳು. ಆ ನೋಟವನ್ನು ಅವಳು ಅಂಗಡಿಯವರೆಗೂ ಹೊತ್ತು ತಂದಿದ್ದಳು. ಸ್ಟೀಲಿನದು ತೆಗೆದುಕೊಳ್ಳುವ ಮನಸ್ಸೇನೋ ಇತ್ತು. ಅಂಗಡಿಯವನು ನಾಲ್ಕಾರು ತೆಗೆದು ಹರಡಿದ. ಎಲ್ಲದರಲ್ಲೂ ತಲೆ ಮತ್ತು ಹಿಡಿ ಸೇರುವಲ್ಲಿ ಎರಡೆರಡು ಗುಂಡುಮೊಳೆ. ಆ ಮೊಳೆಯ ಅಂಚಿನಲ್ಲಿ ಉಗುರು ಆಡಿಸಿದಳು, ಉಗುರು ಸಿಕ್ಕಿಕೊಂಡಿತು. ಉಗುರು ಸಿಕ್ಕಿಕೊಂಡಲ್ಲಿ ಜಿಡ್ಡೂ ಸಿಕ್ಕಿಕೊಳ್ಳುತ್ತದೆ, ಕೊಬ್ಬು ಕೂತು ಕಪ್ಪಾಗುತ್ತದೆ, ಪಿನ್ನು ಹಾಕಿ ಕೆದಕಿದರೂ ಬರುವುದಿಲ್ಲ. ನೈಲಾನಿನದರ ತುದಿ ಬಿಸಿ ಎಣ್ಣೆಯಲ್ಲಿ ಕರಗಿ ನೂಲುನೂಲಾಗುತ್ತದೆ. ರಬ್ಬರಿನ ಹಾಗೆ ಬಾಗುವ ಸಿಲಿಕಾನಿನದು ಅಂಗೈಗೆ ಹಿತವಾಗಿತ್ತು, ಆದರೆ ತಲೆ ಬೇರೆ ಹಿಡಿ ಬೇರೆ. ತಲೆಯನ್ನು ತಿರುಚಿ ಎಳೆದರೆ ಕಳಚಿ ಬಂತು, ಒಳಗೊಂದು ಹೊಂಡ. ಆ ಹೊಂಡದೊಳಗೆ ಏನು ಕೊಳೆಯುತ್ತದೆಂದು ಬೇರೆ ಹೆಂಗಸರಿಗೆ ಮೂಗು ಹೇಳುತ್ತದೆ. ಅವಳಿಗೆ ಹೇಳುವವರು ಯಾರು? ಕೀಲಿಲ್ಲದ್ದು, ಬೆಸುಗೆಯಿಲ್ಲದ್ದು, ತೂತಿಲ್ಲದ್ದು, ಬೆರಳು ಹೋಗದ ಸಂದು ಒಂದೂ ಇಲ್ಲದ್ದು ಬೇಕು ಅವಳಿಗೆ. ಅಂಥದ್ದು ಮರದ್ದೊಂದೇ.

"ಇಷ್ಟೆಲ್ಲ ಯಾಕೆ, ಮರದ್ದೇ ತಗೊಂಡು ಹೋಗಿ. ನಿಮ್ಮ ಯಜಮಾನ್ರು ಯಾವಾಗ್ಲೂ ತಗೊಂಡು ಹೋಗ್ತಾರಲ್ಲ, ಅದೇ" ಎಂದ ಅಂಗಡಿಯವನು.

"ಯಾವಾಗ್ಲೂ ಅಂದ್ರೆ?"

"ಬರ್ತಾನೇ ಇರ್ತಾರಲ್ಲಮ್ಮ. ನಿಮ್ಮನೇಲಿ ಅದನ್ನ ತಿಂತೀರಾ ಹೆಂಗೆ ಅಂತ ನಾನೂ ರೇಗಿಸ್ತಿರ್ತೀನಿ."

"ನಮ್ಮವರಲ್ಲ. ಬೇರೆ ಯಾರೋ ಇರಬೇಕು. ನಮ್ಮನೇಲಿರೋದು ಒಂದೇ, ಮಗಳು ಸ್ಕೂಲಿಗೆ ಹೋಗೋವಾಗಿಂದ ಅದೇ ಇರೋದು."

"ಪತ್ರಿಕೆ ಪ್ರೆಸ್ಸಲ್ಲಿ ತಪ್ಪು ತಿದ್ದೋರು ತಾನೆ? ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆ ಮೇಲೆ..." ಎನ್ನುತ್ತ ನಗುವುದಕ್ಕೆ ಹೊರಟವನು ಅವಳ ಮುಖ ನೋಡಿ ಅರ್ಧದಲ್ಲೇ ನಿಲ್ಲಿಸಿದ. "ನನಗೇ ಮರೆವೇನೋ" ಎಂದು ಮರದ್ದನ್ನು ಕಾಗದದಲ್ಲಿ ಸುತ್ತಿದ.

ದರ್ಜಿಯ ಹತ್ತಿರ ಹೊಲಿಯಲು ಕೊಟ್ಟ ಬಟ್ಟೆ ಕೇಳಿಕೊಂಡು ಬರುತ್ತೇನೆ, ತಡವಾಗುತ್ತದೆ ಎಂದು ಗಂಡನಿಗೆ ಹೇಳಿ ಹೊರಟಿದ್ದಳು. ದರ್ಜಿಯ ಅಂಗಡಿ ಎದುರಿಗೇ ಇತ್ತು. ಅದರ ಮುಂದೆಯೇ ನಡೆದು ದಾಟಿದಳು. ಬೀದಿಯಲ್ಲಿ ಬಿಸಿಲು ಆಗತಾನೆ ಏರುತ್ತಿತ್ತು, ಡಾಂಬರು ಮೆತ್ತುವವರು ರಸ್ತೆಯ ಒಂದು ಮಗ್ಗುಲನ್ನು ಅಡ್ಡಗಟ್ಟಿದ್ದರು. ಕರಿ ಹೊಗೆ ಏಳುತ್ತಿತ್ತು, ಜನ ಕರವಸ್ತ್ರ ಮುಚ್ಚಿಕೊಂಡು ಓಡುತ್ತಿದ್ದರು. ಅವಳೂ ಕರವಸ್ತ್ರ ಮುಚ್ಚಿಕೊಂಡಳು. ಎಲ್ಲರೂ ಮುಚ್ಚಿಕೊಂಡಾಗ ಮುಚ್ಚಿಕೊಳ್ಳಬೇಕು, ಎಲ್ಲರೂ "ಆಹಾ" ಎಂದಾಗ ಆಹಾ ಎನ್ನಬೇಕು, ಅದನ್ನು ಅವಳು ಚೆನ್ನಾಗಿ ಕಲಿತಿದ್ದಳು. ವರ್ಷಗಳ ಹಿಂದೆ ಬಂದ ಒಂದು ಜ್ವರ ಬಿಟ್ಟ ಮೇಲಿನ ಮೊದಲ ಬೆಳಿಗ್ಗೆ, ಮೂಗಿಗೆ ಹಿಡಿದ ಸೋಪು ಕಲ್ಲಿನ ಹಾಗಿತ್ತು, ವಾಸನೆಯೇ ಇಲ್ಲ. ನೆಗಡಿ, ಹೋಗುತ್ತೆ ಎಂದುಕೊಂಡಳು. ಎಳೆ ಮಗುವಾಗಿದ್ದ ಮಗಳ ನೆತ್ತಿಗೆ ಮೂಗಿಟ್ಟರೆ ಬರೀ ಬಿಸಿ, ಬರೀ ಕೂದಲ ಮೆತ್ತಗು, ಅದರಾಚೆಗೆ ಏನೂ ಇಲ್ಲ. ಹಾಲು ಸೀದು ತಳ ಹತ್ತಿ ಪಕ್ಕದ ಮನೆಯ ಟೀಚರು ಓಡಿಬಂದಾಗ ಅವಳು ಅದೇ ಒಲೆಯ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದಳು. "ಮೈಮರೆತು ಕೂತಿದ್ದೆ" ಎಂದಳು. ಮೈಮರೆತವಳಲ್ಲ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ವಾಪಸು ಬರುತ್ತದೆ, ಬಂದ ಮೇಲೆ ಹೀಗಾಗಿತ್ತು ನೋಡಿ ಎಂದು ಎಲ್ಲರಿಗೂ ನಗುನಗುತ್ತ ಹೇಳೋಣ ಎಂದುಕೊಂಡು ಕಾದಳು. ಕಾಯುತ್ತ ಕಾಯುತ್ತ ಹೇಳುವ ಕಾಲ ಮೀರಿಹೋಯಿತು.

ಅದಕ್ಕೆ ಬದಲು ಅವಳು ಜಾಣತನ ಬೆಳೆಸಿಕೊಂಡಳು. ಗಂಡ ಸ್ನಾನ ಮಾಡಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರೆ, "ಏನು ಮಾಡ್ತಿದೀನಿ ಹೇಳಿ ನೋಡೋಣ, ಕಣ್ಣು ಮುಚ್ಚಿ" ಎನ್ನುತ್ತಿದ್ದಳು. ಅವನು ಕಣ್ಣು ಮುಚ್ಚಿ, "ಈರುಳ್ಳಿ ಕೆಂಪಗಾಗ್ತಿದೆ. ಇನ್ನು ಸ್ವಲ್ಪ ಬಿಟ್ರೆ ಸೀಯತ್ತೆ" ಎನ್ನುತ್ತಿದ್ದ. ತಕ್ಷಣ ಒಲೆ ತಗ್ಗಿಸುತ್ತಿದ್ದಳು. ಪಾಪ, ಆಟ ಎಂದುಕೊಂಡಿದ್ದಾನೆ ಎಂದು ಅವಳಿಗೆ ಒಳಗೊಳಗೇ ಗೆದ್ದ ಖುಷಿ. ಕೊಬ್ಬು ಮೆತ್ತಿದ ಪಾತ್ರೆಗಳಿಗಂತೂ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದಳು. ಮಾಂಸ ಹುರಿದ ಮೇಲೆ ಮಗುಚುವ ಕೈಯನ್ನು ನೀರಿಗೆ ಹಾಕುವುದಕ್ಕೆ ಮೊದಲೇ, ಇನ್ನೂ ಬಿಸಿ ಇರುವಾಗ, ಗಂಡ ಪ್ರೆಸ್ಸಿನಿಂದ ತರುತ್ತಿದ್ದ ರದ್ದಿ ಹಾಳೆಗಳಲ್ಲಿ ಒರೆಸಬೇಕು. ಅವನು ಕೆಂಪು ಶಾಯಿಯಲ್ಲಿ ತಿದ್ದಿದ ಅಕ್ಷರಗಳ ಮೇಲೆ ಜಿಡ್ಡು ಇಳಿದು ಕಾಗದ ಪಾರದರ್ಶಕವಾಗುತ್ತಿತ್ತು. ಆಮೇಲೆ ಸೋಡಾಪುಡಿ ಹಾಕಿದ ಬಿಸಿನೀರು. ಮರದ್ದನ್ನು ಮಾತ್ರ ನೆನೆಹಾಕಬಾರದು, ಮರ ಜಿಡ್ಡುನೀರನ್ನು ಕುಡಿದುಬಿಡುತ್ತದೆ. ಚಾಕುವಿನ ಬೆನ್ನಿನಿಂದ ಹೆರೆದು, ಕಲ್ಲುಪ್ಪು ಮತ್ತು ನಿಂಬೆಸಿಪ್ಪೆ ಹಾಕಿ ಎಳೆಗುಂಟ ತಿಕ್ಕಿ, ತೊಳೆದು, ಬಿಸಿಲಿಗೆ ನಿಲ್ಲಿಸಬೇಕು. ಕೊನೆಗೆ ಕೆಳತುಟಿಗೆ ಒತ್ತಿ ನೋಡುತ್ತಿದ್ದಳು. ಬೆರಳಿಗೆ ತಿಳಿಯದ ಜಿಡ್ಡು ತುಟಿಗೆ ತಿಳಿಯುತ್ತದೆ. ಮರದ್ದು ಕೆಲವು ಸಲ ಎಷ್ಟು ನಯವಾಗಿ, ಎಷ್ಟು ಹಗುರವಾಗಿ, ಹೊಸದರ ಹಾಗೇ ಇರುತ್ತಿತ್ತೆಂದರೆ ಅವಳಿಗೆ ತನ್ನ ಕೈಗುಣದ ಮೇಲೆ ಹೆಮ್ಮೆ ಉಕ್ಕುತ್ತಿತ್ತು. ಟೀಚರಿಗೆ ತೋರಿಸಿದ್ದಳು, "ಎಷ್ಟು ವರ್ಷದ್ದು ಹೇಳಿ ನೋಡೋಣ" ಎಂದು. ಅಂಚಿನಲ್ಲಿ ಸುಟ್ಟ ಕಲೆಯೊಂದಿತ್ತು, ಹುಬ್ಬಿನ ಆಕಾರದ್ದು, ಅದು ಇಲ್ಲದಿದ್ದರೆ ಟೀಚರು ನಂಬುತ್ತಲೇ ಇರಲಿಲ್ಲ.

ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬಂದಳು. ಉದ್ದನೆಯ ಮೊಗಸಾಲೆ, ಒಂದು ಕಡೆ ಸಾಲಾಗಿ ಮನೆಗಳು, ಇನ್ನೊಂದು ಕಡೆ ಕಬ್ಬಿಣದ ಕಂಬಿ, ಕಂಬಿಯ ಮೇಲೆ ಎಲ್ಲರ ಮನೆಯ ಒದ್ದೆ ಬಟ್ಟೆ. ಅವರ ಮನೆಯ ಅಡುಗೆಮನೆಯ ಕಿಟಕಿ ಈ ಮೊಗಸಾಲೆಗೇ ತೆರೆಯುತ್ತದೆ. ಟೀಚರ ಮನೆಯ ಚಾದರವೊಂದು ಕಿಟಕಿಗೆ ಅಡ್ಡವಾಗಿ ತೂಗುತ್ತಿತ್ತು. ಚಾದರದ ಮಗ್ಗುಲಿನಿಂದ ಅವಳು ಒಳಗೆ ನೋಡಿದಳು. ನೋಡಬೇಕೆಂದು ನೋಡಿದ್ದಲ್ಲ, ನಡೆಯುತ್ತಿದ್ದವಳ ಕಣ್ಣು ತಾನಾಗಿ ಹೋಯಿತು. ಗಂಡ ಒಲೆಯ ಮುಂದೆ ನಿಂತಿದ್ದ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಟೀ ಇಟ್ಟಿದ್ದಾನೆ ಎಂದುಕೊಂಡಳು. ಅವಳು ಬಟ್ಟೆ ಹರಡಲು ತಾರಸಿಗೆ ಹೋದಾಗಲೆಲ್ಲ ಅವನು ಎರಡನೆಯ ಟೀ ಮಾಡಿಕೊಳ್ಳುತ್ತಾನೆ, ಅವಳು ಇಳಿದು ಬಂದಾಗ ಒಲೆ ಬೆಚ್ಚಗಿರುತ್ತದೆ. ಆದರೆ ಕಟ್ಟೆಯ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಅವಳ ಸೌಟು, ಚಮಚ, ಮಗುಚುವ ಕೈ ಎಲ್ಲವನ್ನೂ ಸಾಲಾಗಿ ಇಟ್ಟಿದ್ದ. ಅವಳು ನಿನ್ನೆ ಸಂಜೆ ಉಜ್ಜಿ, ತೊಳೆದು, ತುಟಿಗೆ ಒತ್ತಿ ನೋಡಿ ಸಿಕ್ಕಿಸಿದ್ದವು. ಅವನು ಒಂದನ್ನು ಎತ್ತಿ ಮೂಗಿಗೆ ಹಿಡಿದ. ಕೆಳಗಿಟ್ಟ. ಇನ್ನೊಂದನ್ನು ಎತ್ತಿದ. ಅದು ಮರದ್ದು. ಮೂಗಿಗೆ ಹಿಡಿದ.

ಅವನ ಮುಖ ಸುಕ್ಕಾಯಿತು. ಮೇಲ್ದುಟಿ ಹಲ್ಲಿನಿಂದ ಮೇಲಕ್ಕೆದ್ದು, ಮೂಗಿನ ಎರಡೂ ಮಗ್ಗುಲು ಮಡಿಕೆ ಬಿದ್ದು, ಕಣ್ಣು ಬಿಗಿದು, ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಅಸಹ್ಯ. ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದವನ ಮುಖದ ಮೇಲೆ ಮಾತ್ರ ಬರುವಂಥ, ತುಂಬಾ ಪ್ರಾಮಾಣಿಕವಾದ ಅಸಹ್ಯ. ಈ ಮುಖದೊಂದಿಗೆ ಅರ್ಧ ಆಯುಸ್ಸು ಕಳೆದವಳು ಈ ಮುಖವನ್ನು ನೋಡಿಯೇ ಇರಲಿಲ್ಲ. ಕಂಬಿ ಹಿಡಿದುಕೊಂಡಳು, ಕಂಬಿ ಬಿಸಿಯಾಗಿತ್ತು. ಒಳಗೆ ಅವನು ಮರದ್ದನ್ನು ಬೇರೆಯಾಗಿಟ್ಟು, ಉಳಿದವನ್ನು ಒಂದೊಂದಾಗಿ ಕುದಿಯುವ ನೀರಿಗೆ ಇಳಿಬಿಟ್ಟ, ಸದ್ದಾಗದ ಹಾಗೆ. ಮೊಳೆಯ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ತಿಕ್ಕುವಾಗ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿಕೊಂಡ. ಆಮೇಲೆ ತನ್ನ ಪ್ರೆಸ್ಸಿನ ಚೀಲದಿಂದ ಕಾಗದದ ಸುರುಳಿಯೊಂದನ್ನು ತೆಗೆದು ಬಿಚ್ಚಿದ. ಹೊಸ ಮರದ ಕೈ. ಅವಳ ಚೀಲದಲ್ಲಿದ್ದುದರ ಅವಳಿಜವಳಿ. ಅದಕ್ಕೆ ಟೀ ಸೊಪ್ಪಿನ ನೀರು ಹಚ್ಚಿ, ಎಣ್ಣೆ ಸವರಿ, ಒಲೆಯ ಉರಿಗೆ ಅಂಚು ಹಿಡಿದು, ಓರೆಯಾಗಿ ನಿಧಾನವಾಗಿ ತಿರುಗಿಸುತ್ತ ಹುಬ್ಬಿನ ಆಕಾರದ ಒಂದು ಕಲೆ ಸುಟ್ಟ.

ಬಾಗಿಲಿಗೆ ಹೋಗಿ ಒಳಗೆ ಬಂದಳೋ, ಕಿಟಕಿಯಿಂದಲೇ ಮಾತಾಡಿದಳೋ ಆಮೇಲೆ ಅವಳಿಗೆ ನೆನಪಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಅಷ್ಟೇ. ಅವನು ಬೆಚ್ಚಿ ತಿರುಗಿದ. ಮರದ ಅಂಚಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಎಷ್ಟನೇದು ಇದು?" ಎಂದು ಕೇಳಿದಳು. ಅವಳ ಬಾಯಿಂದ ಬಂದ ಮೊದಲ ಮಾತು ಅದೇ.

ಅವನು ಒಲೆ ಆರಿಸಿದ. "ಲೆಕ್ಕ ಇಟ್ಟಿಲ್ಲ."

"ಎಲ್ಲಾದಕ್ಕೂ ಹೀಗೇ ಸುಟ್ಟಿದೀರಾ?"

"ಮೊದಮೊದಲು ಸರಿಯಾಗಿ ಬರ್ತಿರ್ಲಿಲ್ಲ. ಕೈ ಕೂತ ಮೇಲೆ..." ಎಂದು ನಿಲ್ಲಿಸಿದ. ಕೈಯಲ್ಲಿದ್ದುದನ್ನು ಎಲ್ಲಿಡುವುದೆಂದು ತಿಳಿಯದೆ ಅತ್ತ ಇತ್ತ ನೋಡಿದ. ಕಳ್ಳ ಸಿಕ್ಕಿಬಿದ್ದ ಹಾಗಿತ್ತು ಅವನ ನಿಲುವು. ಆದರೆ ಕದ್ದವಳು ತಾನಲ್ಲವೇ, ಎಂದು ಅವಳಿಗೆ ಅನಿಸಿತು, ಅವನು ಯಾಕೆ ಹೀಗೆ ನಿಂತಿದ್ದಾನೆ? ನಗು ಬಂತು. ಟೀಚರಿಗೆ ತೋರಿಸಿದ್ದು ನೆನಪಾಗಿ ಕಿವಿ ಉರಿಯಿತು. ಆಗ ಅವನೂ ಅಲ್ಲೇ ಇದ್ದ, ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದುಕೊಂಡು.

"ಈರುಳ್ಳಿ ಕೆಂಪಗಾಗ್ತಿದೆ ಅಂತಿದ್ರಲ್ಲ. ಸೀಯತ್ತೆ ಅಂತಿದ್ರಲ್ಲ."

"ಹೂಂ."

"ಗೊತ್ತಿದ್ದೇ ಹೇಳ್ತಿದ್ರಾ?"

"ನೀನು ಕೇಳ್ತಿದ್ದೆ. ಹೇಳ್ತಿದ್ದೆ."

"ಅಯ್ಯೋ" ಎಂದು ಅವಳು ಗೋಡೆಗೆ ಒರಗಿದಳು. ಒಂದೊಂದೇ ದಿನ ಮಗುಚಿ ಬೀಳತೊಡಗಿತು, ಒಂದು ಕಡೆ ಬೆಂದದ್ದು ಇನ್ನೊಂದು ಕಡೆ ಹಸಿಹಸಿ. ಅವನು ತಟ್ಟೆಯ ಮುಂದೆ ಕೂತು ಮೊದಲ ತುತ್ತನ್ನು ಎತ್ತುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದುದು. ಅದನ್ನು ಅವಳು ಪ್ರಾರ್ಥನೆಯ ಹಾಗೆ ಏನೋ ಎಂದುಕೊಂಡಿದ್ದಳು. ಮಗಳು ಮೀನಿನ ತುಂಡನ್ನು ಪಕ್ಕಕ್ಕೆ ಸರಿಸಿ "ಹೊಟ್ಟೆ ತುಂಬಿತು" ಎಂದಾಗ ಅಪ್ಪನೂ "ನನಗೂ ಸಾಕು" ಎಂದದ್ದು. ಬೆಣ್ಣೆಯ ಜಾಡಿ ಕೈಜಾರಿ ಬಿದ್ದು ಒಡೆದದ್ದು. ಎಷ್ಟೊಂದು ವಸ್ತುಗಳು ಈ ಮನೆಯಲ್ಲಿ ಅವನ ಕೈಜಾರಿ ಬಿದ್ದಿವೆ! ಒಡೆದಾಗಲೆಲ್ಲ ಅವಳು ಬೈದಿದ್ದಳು, ಕೈಗೆ ಎಣ್ಣೆ ಹಚ್ಚಿಕೊಂಡಿದೀರಾ ಎಂದು. ಅವನು ಹಲ್ಲು ಕಿರಿದು ನೆಲ ಒರೆಸಿದ್ದ. ಇದಕ್ಕೆಲ್ಲ ಕೃತಜ್ಞತೆ ಹುಟ್ಟಬೇಕು ಎಂದು ಅವಳಿಗೆ ಗೊತ್ತಿತ್ತು. ಹುಟ್ಟಲಿಲ್ಲ. ನಡುಬೀದಿಯಲ್ಲಿ ಯಾರೋ ಬಂದು, ಅಮ್ಮ ನಿಮ್ಮ ಬಟ್ಟೆ ಹಿಂದೆ ಹರಿದಿದೆ, ಬೆಳಿಗ್ಗೆಯಿಂದ ನಿಮ್ಮ ಹಿಂದೆಯೇ ಮರೆಯಾಗಿ ನಡೆಯುತ್ತಿದ್ದೇನೆ ಎಂದರೆ ಹೇಗಿರುತ್ತದೋ ಹಾಗಿತ್ತು.

"ಯಾವಾಗಿಂದ ಗೊತ್ತು ನಿಮಗೆ?"

ಅವನು ಬಿಸಿನೀರಿನಿಂದ ಚಿಮಟದಲ್ಲಿ ಒಂದೊಂದನ್ನೂ ಎತ್ತಿ ಬಟ್ಟೆಯ ಮೇಲೆ ಇಡತೊಡಗಿದ.

"ಯಾವಾಗಿಂದ, ರೀ?"

"ಗುಬ್ಬಿಗೆ ವಾಂತಿ ಆಯ್ತಲ್ಲ. ಅವಾಗಿಂದ."

ಗುಬ್ಬಿ ಎಂದರೆ ಮಗಳು. ಈಗ ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುವವಳು. ಆಗ ಎರಡು ಜಡೆಯ, ಹಲ್ಲು ಬಿದ್ದ ಹುಡುಗಿ. ಅವತ್ತು ಅರ್ಧ ದಿನದ ಶಾಲೆ. ಹಿಂದಿನ ದಿನ ರುಬ್ಬಿ ಇಟ್ಟಿದ್ದ ಮಾಂಸವನ್ನು ಬಿಲ್ಲೆ ತಟ್ಟಿ ಕೊಬ್ಬಿನಲ್ಲಿ ಹುರಿದಳು, ಮರದ ಕೈಯಲ್ಲಿ ಒತ್ತಿ ಒತ್ತಿ, ಚುರ್ರೆನ್ನುವ ಸದ್ದು ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಹುಡುಗಿ ತಟ್ಟೆಯ ಮುಂದೆ ಕೂತು, "ಅಮ್ಮ, ವಾಸನೆ ಬರ್ತಿದೆ" ಎಂದಿತು. "ತಿನ್ನೋ ಅನ್ನದ ಮುಂದೆ ಕೂತು ವಾಸನೆ ಅಂತಾರಾ? ಸುಮ್ನೆ ತಿನ್ನು" ಎಂದಳು. ಸಂಜೆಯ ಹೊತ್ತಿಗೆ ಹುಡುಗಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಏನು ತಿಂದಿತ್ತು ಎಂದು ಡಾಕ್ಟರು ಕೇಳಿದರು. ಹೊರಗಡೆ ಏನೋ ತಿಂದಿರಬೇಕು ಎಂದು ಅವಳ ಬಾಯಿ ಹೇಳಿತು. ಹುಡುಗಿ, ಇಲ್ಲ, ಎಂದು ತಲೆಯಾಡಿಸಿತು. ಮನೆಗೆ ಬಂದ ಮೇಲೆ ಹಾಸಿಗೆಯ ಪಕ್ಕ ನಿಂತು ಅವಳು ಮತ್ತೆ ಮತ್ತೆ ಕೇಳಿದಳು. ಸ್ಕೂಲ್ ಗೇಟಲ್ಲಿ ಐಸ್ ತಿಂದೆ ತಾನೆ? ಇಲ್ಲಮ್ಮ. ಸುಳ್ಳು ಹೇಳಿದ್ರೆ ನೋಡು. ಇಲ್ಲ. ಕೆಂಪುದಾ ಹಳದೀದಾ, ಅಷ್ಟು ಹೇಳಿಬಿಡು, ಬೈಯಲ್ಲ. ಹುಡುಗಿ ಅವಳನ್ನೇ ನೋಡುತ್ತ ಮಲಗಿತ್ತು. ಕಣ್ಣಲ್ಲಿ ನೀರು ಕೂಡ ಇರಲಿಲ್ಲ, ಆಯಾಸ. ಕೊನೆಗೆ, "ಕೆಂಪು" ಎಂದಿತು. ಆ ಒಂದು ಮಾತಿನಿಂದ ಅವಳ ಎದೆಯ ಮೇಲಿಂದ ಕಲ್ಲು ಇಳಿದಂತಾಗಿ ಹುಡುಗಿಯ ಹಣೆ ಸವರಿದ್ದಳು. ಗಂಡ ಆಗಲೇ ಪ್ರೆಸ್ಸಿಗೆ ಹೊರಟಿದ್ದಾನೆ ಎಂದುಕೊಂಡಿದ್ದಳು.

"ಬಾಗಿಲ ಹತ್ರಾನೇ ಇದ್ದೆ" ಎಂದ ಅವನು ಈಗ. "ನೀರು ಕುಡಿಯೋಣ ಅಂತ ಅಡಿಗೆಮನೆಗೆ ಹೋದೆ. ಬಾಣಲೇಲಿ ಒಂದು ಬಿಲ್ಲೆ ಉಳಿದಿತ್ತು. ಮಗುಚೋ ಕೈ ಅದರ ಮೇಲೇ ಇತ್ತು. ಹತ್ರ ಹೋಗೋ ಹಾಗಿರ್ಲಿಲ್ಲ. ಇಂಥ ವಾಸನೆ ಇವಳಿಗೆ ಹೇಗೆ ಗೊತ್ತಾಗಲಿಲ್ಲ ಅಂದುಕೊಂಡೆ. ಆಮೇಲೆ ಹೊಳೀತು."

"ಐಸು..."

"ಅವತ್ತು ಸ್ಕೂಲಿಂದ ಅವಳನ್ನ ಸೈಕಲ್ಲಲ್ಲಿ ಕೂರಿಸ್ಕೊಂಡು ಬಂದೋನು ನಾನು. ಗೇಟಿಂದ ಸೀದಾ ಮನೆಗೆ. ಯಾವ ಐಸೂ ಇಲ್ಲ." ಅವನು ಚಿಮಟ ಕೆಳಗಿಟ್ಟ. "ಒಳಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ಮುಖ ಹೇಗಿತ್ತು ಅಂದ್ರೆ, ಹೇಳಿದ್ರೆ ನೀನು ಮುರಿದುಬೀಳ್ತೀಯ ಅನ್ನಿಸ್ತು. ಮಗು ಹೂಂ ಅಂದ್ಬಿಡಲಿ ಅಂತ ನಾನೂ ಕಾದೆ ಕಣೇ. ಅಂದ್ಬಿಡ್ತು. ನಾನು ಮೆಟ್ಟಿಲಿಳಿದು ಹೋದೆ."

ತನ್ನೊಳಗೆ ಯಾರೂ ಕಾಲಿಡದ ಕೋಣೆಯೊಂದಿದೆ, ಅದರ ಬೀಗದಕೈ ತನ್ನ ಹತ್ತಿರ ಮಾತ್ರ ಇದೆ ಎಂದು ಅವಳು ಬದುಕಿದ್ದಳು. ಆ ಕೋಣೆಯಲ್ಲಿ ಇವನು ಮೊದಲಿನಿಂದಲೂ ಮೂಲೆಯಲ್ಲಿ ಕೂತಿದ್ದಾನೆ, ಬರಿಗಾಲಲ್ಲಿ, ಸದ್ದಿಲ್ಲದೆ. ಬಯ್ಯಬೇಕೆನಿಸಿತು. ಯಾಕೆ ಬೈಯುತ್ತಿದ್ದೇನೆಂದು ಹೇಳಲು ಬರುವಂತಿರಲಿಲ್ಲ. "ಗುಬ್ಬಿಗೆ ಗೊತ್ತಾ?" ಎಂದಳು. ಮೂಗಿನ ವಿಷಯ ಗೊತ್ತು, ಕಾಲೇಜಿಗೆ ಹೋಗುವಾಗ ಅವಳೇ ಕೇಳಿದಳು, ಆಗ ಹೇಳಿದೆ, ಆ ದಿನದ್ದು ಮಾತ್ರ ಎತ್ತಿಲ್ಲ ಎಂದ. ಅವಳು ಚೀಲದಿಂದ ತಾನು ತಂದ ಮರದ ಕೈಯನ್ನು ತೆಗೆದು ಅವನು ತಂದದ್ದರ ಪಕ್ಕ ಇಟ್ಟಳು. ಇಬ್ಬರೂ ಅವೆರಡನ್ನೂ ನೋಡುತ್ತ ನಿಂತರು. ಬೆಳಿಗ್ಗೆಯಿಂದ ಒಲೆಯ ಮೇಲೆ ಅಡುಗೆ ಎಂಬುದು ಏನೂ ಆಗಿರಲಿಲ್ಲ.

ಊಟದ ಬಿಡುವಿಗೆ ಮಗಳು ಬಂದಳು. ಕೋಟನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿ, "ಏನಿವತ್ತು, ಮನೆ ಇಷ್ಟು ಗಪ್‌ಚಿಪ್?" ಎನ್ನುತ್ತ ಅಡುಗೆಮನೆಗೆ ಇಣುಕಿದವಳು ಕಟ್ಟೆಯ ಮೇಲಿನ ಸಾಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅದೇ ನೋಟ. ಬೆಳಿಗ್ಗೆ ಚಪ್ಪಲಿಯಿಂದ ಎದ್ದು ಹೋದ ನೋಟ.

"ಅವರ ಮುಖ ನೋಡ್ಬೇಡ" ಎಂದಳು ಅಮ್ಮ. "ಇಲ್ಲಿ ಬಾ. ಒಂದೊಂದೇ ಮೂಸಿ ಹೇಳು. ಯಾವುದು ಇಟ್ಕೊಳ್ಳೋದು, ಯಾವುದು ಬಿಸಾಕೋದು."

"ಅಮ್ಮ..."

"ನನಗೆ ವಾಸನೆ ಬರಲ್ಲ ಕಣೇ. ನಿನಗೆ ಗೊತ್ತಲ್ಲ. ಹೇಳು."

ಇಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂದಾಗ ಇಷ್ಟು ಚಿಕ್ಕದಾಗಿತ್ತು. ಮಗಳು ಕೈ ಒರೆಸಿಕೊಂಡು ಮುಂದೆ ಬಂದಳು. ಮೊದಲನೆಯದನ್ನು ಎತ್ತಿ ಮೂಸಿ, "ಪರವಾಗಿಲ್ಲ" ಎಂದಳು. ಅಮ್ಮ ಅವಳ ಮುಖವನ್ನೇ ದಿಟ್ಟಿಸುತ್ತಿದ್ದಳು, ಮೂಗಿನ ಮಗ್ಗುಲನ್ನು, ಮೇಲ್ದುಟಿಯನ್ನು. "ನಿಜ ಹೇಳು." ಮಗಳು ಮತ್ತೆ ಮೂಸಿದಳು. "ಕುದಿಸಿದ್ಮೇಲೆ ಪರವಾಗಿಲ್ಲ. ಈ ಮೊಳೆ ಹತ್ರ ಇನ್ನೂ ಸ್ವಲ್ಪ ಇದೆ, ಮುಗ್ಗಲು ಎಣ್ಣೆ ತರ." ಅದು ಎಡಕ್ಕೆ ಹೋಯಿತು. ನೈಲಾನಿನ ಸೌಟು, "ಸೋಪು ಮಾತ್ರ." ಬಲಕ್ಕೆ. ಹಳೆಯ ಮರದ್ದನ್ನು ಮೂಗಿಗೆ ತಂದ ಕೂಡಲೆ ಅವಳ ತಲೆ ತಾನಾಗಿ ಹಿಂದಕ್ಕೆ ಹೋಯಿತು. "ಇದು..." ಎಂದು ತಡವರಿಸಿದಳು.

"ಯಾವುದರ ಹಾಗಿದೆ ಹೇಳು."

"ಸತ್ತ ಇಲಿ, ಅಮ್ಮ. ಗೋಡೆ ಒಳಗೆ ಸತ್ತಿರತ್ತಲ್ಲ, ಹಾಗೆ. ಅದರ ಮೇಲೆ ನಿಂಬೆಹಣ್ಣು."

ಮೂವರಲ್ಲಿ ಯಾರು ಮೊದಲು ನಕ್ಕರೋ ತಿಳಿಯಲಿಲ್ಲ. ಅವಳೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. ನಿಂಬೆಹಣ್ಣು ಮಾತ್ರ ಚೆನ್ನಾಗಿ ಕೂತಿದೆಯಂತೆ! ಗಂಡ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ. ಹೊಸ ಎರಡನ್ನು ಮಗಳು ಮೂಸಿ, "ಇದು ಮರ. ಇದು ಮರ, ಟೀ, ಸುಟ್ಟ ವಾಸನೆ. ಅಪ್ಪ ಮಾಡಿದ್ದು" ಎಂದಳು. ಮತ್ತೆ ನಗು. ಅಮ್ಮ ಬಾಣಲೆ ಇಟ್ಟು ಬೆಣ್ಣೆ ಹಾಕಿ ಮೊಟ್ಟೆ ಒಡೆದಳು. ಬೆಣ್ಣೆಯನ್ನು ಗಂಡನ ಕೈಗೆ ಮೂಸಲು ಕೊಟ್ಟೇ ಹಾಕಿದಳು, ಬಾಯಿ ಬಿಟ್ಟು ಕೇಳಿ, "ಸರಿಯಾಗಿದೆಯಾ ನೋಡಿ." ಸರಿಯಾಗಿದೆ ಎಂದ. ಮೊಟ್ಟೆಯ ಅಂಚು ಗರಿಗರಿಯಾಗುವುದನ್ನು ನೋಡುತ್ತ ಅವಳಿಗೆ ಮೈ ಹಗುರಾದ ಹಾಗೆ, ತಲೆ ತಿರುಗಿದ ಹಾಗೆ ಎರಡೂ ಆಗುತ್ತಿತ್ತು. ಇಷ್ಟು ಸುಲಭವಾಗಿದ್ದರೆ ಇನ್ನೊಂದನ್ನೂ ಹೇಳಿಬಿಡಬಹುದು. ಈಗಲೇ, ನಗು ಆರುವ ಮುಂಚೆ.

ಊಟಕ್ಕೆ ಕೂತ ಮೇಲೆ, "ಗುಬ್ಬಿ, ನಿನಗೆ ಚಿಕ್ಕೋಳಿದ್ದಾಗ ಒಂದ್ಸಲ ತುಂಬಾ ವಾಂತಿ ಆಗಿತ್ತು, ನೆನಪಿದೆಯಾ" ಎಂದಳು. ಗಂಡ ತಲೆಯೆತ್ತಿದ.

"ನೆನಪಿಲ್ದೇ ಏನು" ಎಂದಳು ಮಗಳು, ಮೊಟ್ಟೆ ಬಾಯಲ್ಲಿಟ್ಟುಕೊಂಡೇ. "ಐಸ್ ತಿಂದು. ಕೆಂಪು ಐಸು. ಗೇಟ್ ಹತ್ರ ಗಾಡಿ ಇರ್ತಿತ್ತಲ್ಲ. ಕೈಗೆಲ್ಲ ಸುರಿದು ತೋಳೆಲ್ಲ ಅಂಟಂಟು. ಸ್ಕೂಲ್ ನಲ್ಲೀಲಿ ತೊಳ್ಕೊಂಡೆ, ನೀನು ಬೈತೀಯ ಅಂತ. ಒಂಥರಾ ಸೋಪಿನ ಹಾಗೆ ಸಿಹಿ. ಈಗ್ಲೂ ಕಣ್ಣು ಮುಚ್ಚಿದ್ರೆ ನಾಲಿಗೆ ಮೇಲೆ ಬರತ್ತೆ. ಆವತ್ತಿಂದ ಇವತ್ತಿನವರೆಗೂ ಐಸ್ ಕಂಡ್ರೆ ನನಗಾಗಲ್ಲ."

ಅಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಮಗಳು ತನಗೋಸ್ಕರ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಳು ಮೊದಲು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಇಷ್ಟು ಹೊತ್ತಿನಲ್ಲಿ ಅವಳ ಮುಖ ಓದುವುದನ್ನು ಕಲಿತಿದ್ದಳು. ಅಲ್ಲಿ ಏನೂ ಬಚ್ಚಿಟ್ಟಿರಲಿಲ್ಲ. ಅಪ್ಪನ ಕಡೆಗೂ ನೋಡಲಿಲ್ಲ. ಆರಾಮವಾಗಿ ರೊಟ್ಟಿಯ ತುಂಡೊಂದನ್ನು ಮುರಿದು ಮೊಟ್ಟೆಯ ಹಳದಿಗೆ ಅದ್ದುತ್ತಿದ್ದಳು.

"ನೀನು ತಿಂದಿರ್ಲಿಲ್ಲ ಕಣೇ" ಎಂದಳು ಅಮ್ಮ.

"ಏನು?"

"ಐಸು. ತಿಂದಿರ್ಲಿಲ್ಲ. ಮಾಂಸ ಕೆಟ್ಟಿತ್ತು. ನಾನು ನೋಡ್ಕೊಳ್ಳಲಿಲ್ಲ, ನನಗೆ ಗೊತ್ತಾಗಲಿಲ್ಲ. ನಿನ್ನ ಬಾಯಲ್ಲಿ ನಾನು ಹೇಳ್ಸಿದ್ದು ಅದು. ಕೆಂಪುದಾ ಹಳದೀದಾ ಅಂತ ಕೇಳ್ದೋಳು ನಾನು."

ಮಗಳು ನಕ್ಕಳು. "ಏನಮ್ಮ ನೀನು, ತಿಂದೋಳಿಗೆ ಗೊತ್ತಿಲ್ವಾ? ಆ ಗಾಡಿಯೋನ ಮುಖ ಕೂಡ ನೆನಪಿದೆ ನನಗೆ. ಅಪ್ಪ, ನೋಡು ಅಮ್ಮ ಏನಂತಾಳೆ."

ಅವನು ಇಲ್ಲವೆಂದು ತಲೆಯಾಡಿಸಿದ. "ಅವತ್ತು ನಾನೇ ಕರ್ಕೊಂಡು ಬಂದಿದ್ದು, ಪುಟ್ಟ. ಗೇಟಲ್ಲಿ ನಾವು ನಿಲ್ಲಲೇ ಇಲ್ಲ. ಗಾಡಿ ಬಂದಿರ್ಲಿಲ್ಲ."

ಮಗಳ ನಗು ಮುಖದ ಮೇಲೆ ಹಾಗೇ ಇತ್ತು, ಅದರ ಹಿಂದಿನಿಂದ ಏನೋ ಸರಿದುಹೋದ ಹಾಗೆ. ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕೈಯಲ್ಲಿದ್ದ ತುಂಡಿನಿಂದ ಹಳದಿ ತೊಟ್ಟಿಕ್ಕಿ ಮೇಜಿನ ಮೇಲೆ ಬಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯೊಳಗೆ ನಾಲಿಗೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ, ಹಲ್ಲಿನ ಹಿಂದೆ, ಮೇಲೆ, ಏನನ್ನೋ ಹುಡುಕಿಕೊಂಡು ಹೋಗುತ್ತಿರುವುದು ಹೊರಗಿನಿಂದಲೇ ಕಾಣುತ್ತಿತ್ತು.

"ಮತ್ತೆ ಇದು ಯಾವುದರ ರುಚಿ, ಅಮ್ಮ?" ಎಂದಳು.